ನನ್ನ ಕಡಲು ಪ್ಲಾಸ್ಟಿಕ್ ಹಾಳೆಯ ಹಾಗೆ ಯಾಕೆ ಕಾಣುತ್ತದೆ?

ಪ್ರಶ್ನೆ: ನಾನು ಕಾರವಾರದಲ್ಲಿ ಬಿಸಿಎ ಕೊನೆಯ ವರ್ಷದ ವಿದ್ಯಾರ್ಥಿನಿ. ಪ್ರಾಜೆಕ್ಟಿಗಾಗಿ ನಮ್ಮ ಕಡಲತೀರದ ತ್ರೀಡಿ ದೃಶ್ಯ ಮಾಡುತ್ತಿದ್ದೇನೆ. ಮರಳು, ಒಂದು ದೋಣಿ, ನೀರು, ದೂರದಲ್ಲಿ ಕೂರ್ಮಗಡದಂಥ ಒಂದು ದ್ವೀಪ. ವಿಡಿಯೋ ನೋಡಿ ನೋಡಿ ಕೋಡ್ ಜೋಡಿಸಿದ್ದೇನೆ. ಆದರೆ ದೋಣಿಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಕ್ಯಾಮೆರಾ ಸ್ವಲ್ಪ ಸರಿದರೂ ದ್ವೀಪದ ಬುಡದಲ್ಲಿ ಬಂಡೆ ಮತ್ತು ನೀರು ಒಂದರ ಮೇಲೊಂದು ಮಿಣುಕುತ್ತವೆ. ನೀರಂತೂ ನೀಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಹಾಗಿದೆ. ಒಳಗೆ ಏನು ನಡೆಯುತ್ತದೆ ಅಂತ ನನಗೆ ನಿಜಕ್ಕೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ? ಗಣಿತ ಎಷ್ಟು ಬೇಕು? ನನ್ನ ಲ್ಯಾಪ್‌ಟಾಪಿನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅದು ಸಾಕಾಗುತ್ತದಾ?

ಉತ್ತರ: ನೀವು ಹೇಳಿದ ಮೂರೂ ದೋಷಗಳು ಬೇರೆ ಬೇರೆ ಕಡೆಯಿಂದ ಬಂದವು. ಒಂದೊಂದರ ಹಿಂದೆಯೂ ಕಂಪ್ಯೂಟರ್ ಗ್ರಾಫಿಕ್ಸಿನ ಒಂದೊಂದು ಮೂಲಪಾಠ ಇದೆ. ಹಾಗಾಗಿ ಹೊಸ ಪುಸ್ತಕ ಹುಡುಕುವ ಮೊದಲು ನಿಮ್ಮ ದೃಶ್ಯವನ್ನೇ ಒಮ್ಮೆ ಬಿಚ್ಚಿ ನೋಡೋಣ.

ಕಂಪ್ಯೂಟರಿಗೆ ಕಡಲು ಗೊತ್ತಿಲ್ಲ, ದೋಣಿ ಗೊತ್ತಿಲ್ಲ. ಅದರ ಮುಂದೆ ಇರುವುದು ಒಂದೇ ಪ್ರಶ್ನೆ: ಪರದೆಯ ಈ ಚುಕ್ಕೆಗೆ ಯಾವ ಬಣ್ಣ? ನಿಮ್ಮ ಲ್ಯಾಪ್‌ಟಾಪ್ ಪರದೆ 1920 ಅಗಲ, 1080 ಎತ್ತರದ್ದಾದರೆ ಒಟ್ಟು 20,73,600 ಚುಕ್ಕೆಗಳು. ಇವೇ ಪಿಕ್ಸೆಲ್‌ಗಳು. ದೃಶ್ಯ ಅಲುಗಾಡಬೇಕಾದರೆ ಇಡೀ ಪರದೆಯನ್ನು ಸೆಕೆಂಡಿಗೆ 60 ಸಲ ಬರೆಯಬೇಕು. ಅಂದರೆ ಒಂದು ಸೆಕೆಂಡಿನಲ್ಲಿ ಹನ್ನೆರಡು ಕೋಟಿಗೂ ಜಾಸ್ತಿ ಸಲ ಅದೇ ಪ್ರಶ್ನೆಗೆ ಉತ್ತರ ಕೊಡಬೇಕು. ಗ್ರಾಫಿಕ್ಸಿನ ಎಲ್ಲ ಉಪಾಯಗಳೂ ಈ ಒತ್ತಡದಲ್ಲಿ ಹುಟ್ಟಿದವು.

ನಾನು ಶಿರಸಿ ಕಡೆಯವನು. ಮಾರಿಕಾಂಬಾ ದೇವಸ್ಥಾನದ ಗೋಡೆಯ ಮೇಲಿನ ಕಾವಿ ಚಿತ್ರ ನೀವೂ ನೋಡಿರಬಹುದು. ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿ ಬಳಿಯುತ್ತಾರೆ, ಬೇಕಾದಲ್ಲಿ ಅದನ್ನು ಕೆರೆಯುತ್ತಾರೆ. ಕೆರೆದಲ್ಲಿ ಬಿಳಿ, ಬಿಟ್ಟಲ್ಲಿ ಕೆಂಪು. ನಡುವೆ ಮೂರನೆಯ ಬಣ್ಣವಿಲ್ಲ. ಕಂಪ್ಯೂಟರಿನ ಮಾತಿನಲ್ಲಿ ಹೇಳಿದರೆ ಅದು ಒಂದು ಬಿಟ್‌ನ ಚಿತ್ರ: ಸೊನ್ನೆ ಅಥವಾ ಒಂದು. ನಿಮ್ಮ ಪರದೆಯ ಚುಕ್ಕೆಗೆ ಇದಕ್ಕಿಂತ ಜಾಸ್ತಿ ಅವಕಾಶ ಇದೆ. ಕೆಂಪು, ಹಸಿರು, ನೀಲಿ, ಪ್ರತಿಯೊಂದಕ್ಕೂ 0ಯಿಂದ 255ರವರೆಗಿನ ಒಂದು ಸಂಖ್ಯೆ. ಒಟ್ಟು 1,67,77,216 ಬಣ್ಣ. ಈ ಸಂಖ್ಯೆಯನ್ನು ನೆನಪಿಡಿ, ದ್ವೀಪದ ಬುಡಕ್ಕೆ ಹೋದಾಗ ಮತ್ತೆ ಸಿಗುತ್ತದೆ.

ಈಗ ದೋಣಿಯ ಅಂಚು. ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಎಡಗಡೆ ಕೆಳಗಿನ ಚೌಕದಿಂದ ಶುರುಮಾಡಿ 7 ಚೌಕ ಬಲಕ್ಕೆ, 3 ಚೌಕ ಮೇಲಕ್ಕೆ ಹೋಗುವ ಗೆರೆ ಬೇಕು. ಪ್ರತಿ ಹೆಜ್ಜೆಗೆ ಎತ್ತರ ಏಳರಲ್ಲಿ ಮೂರು ಭಾಗ ಏರಬೇಕು. ಆದರೆ ಅರ್ಧ ಚೌಕ ತುಂಬುವ ಹಾಗಿಲ್ಲ. ತುಂಬಿದರೆ ಇಡೀ ಚೌಕ. ಹತ್ತಿರದ ಚೌಕಕ್ಕೆ ಸರಿಸುತ್ತ ಹೋದರೆ ಎತ್ತರಗಳು ಹೀಗೆ ಬರುತ್ತವೆ: 0, 0, 1, 1, 2, 2, 3, 3. ಎರಡು ಚುಕ್ಕೆ, ಒಂದು ಮೆಟ್ಟಿಲು. ನಿಮ್ಮ ದೋಣಿಯ ಅಂಚಿನಲ್ಲಿ ಕಾಣುವುದು ಇದೇ. ನಿಮ್ಮ ಕೋಡಿನಲ್ಲಿ ತಪ್ಪಿಲ್ಲ. ನುಣುಪಾದ ಗೆರೆಯನ್ನು ಚೌಕಗಳಲ್ಲಿ ಕೂರಿಸಲು ಹೋದರೆ ಹೀಗೇ ಆಗುತ್ತದೆ.

ಈ ಗೆರೆಯನ್ನು ಭಾಗಾಕಾರವೇ ಇಲ್ಲದೆ, ಬರೀ ಪೂರ್ಣ ಸಂಖ್ಯೆಗಳನ್ನು ಕೂಡಿಸಿ ಎಳೆಯುವ ಉಪಾಯವನ್ನು ಐಬಿಎಂನಲ್ಲಿದ್ದ ಜ್ಯಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ ಕಂಡುಕೊಂಡರು. ಆಗ ಅದು ಪರದೆಗಲ್ಲ, ಪೆನ್ನಿನಿಂದ ಹಾಳೆಯ ಮೇಲೆ ಗೆರೆ ಎಳೆಯುವ ಪ್ಲಾಟರಿಗೆ. ಉಪಾಯ ಅಂಗಡಿಯ ಉದ್ರಿ ಲೆಕ್ಕದ ಹಾಗೆ. ಪ್ರತಿ ಹೆಜ್ಜೆಗೂ ಏರಬೇಕಿದ್ದ ಆದರೆ ಏರದ ಚೂರನ್ನು ಪುಸ್ತಕದಲ್ಲಿ ಬರೆದಿಡುತ್ತೀರಿ. ಬಾಕಿ ಅರ್ಧ ಚೌಕ ದಾಟಿದ ಕೂಡಲೇ ಒಂದು ಮೆಟ್ಟಿಲು ಏರಿ ಆ ಒಂದನ್ನು ಬಾಕಿಯಿಂದ ಕಳೆಯುತ್ತೀರಿ. ಇದನ್ನು ಒಮ್ಮೆ ಕೈಯಾರೆ ಹಾಳೆಯ ಮೇಲೆ ಮಾಡಿ. ಹತ್ತು ನಿಮಿಷದ ಕೆಲಸ. ಹತ್ತು ವಿಡಿಯೋ ನೋಡಿದರೂ ಬಾರದ ಹಿಡಿತ ಅದರಿಂದ ಬರುತ್ತದೆ.

ಮೆಟ್ಟಿಲನ್ನು ಅಳಿಸಲು ಆಗುವುದಿಲ್ಲ, ಕಣ್ಣಿಗೆ ಕಾಣದ ಹಾಗೆ ಮಾಡಬಹುದು. ಒಂದು ಚುಕ್ಕೆಯೊಳಗೆ ನಾಲ್ಕು ಕಡೆ ಪರೀಕ್ಷೆ ಮಾಡಿ. ಮೂರು ಕಡೆ ದೋಣಿ, ಒಂದು ಕಡೆ ನೀರು ಸಿಕ್ಕಿದರೆ ಮುಕ್ಕಾಲು ದೋಣಿಯ ಬಣ್ಣ, ಕಾಲು ನೀರಿನ ಬಣ್ಣ ಬೆರೆಸಿ. ಇದೇ ಆ್ಯಂಟಿ ಅಲಿಯಾಸಿಂಗ್. ನೀವು ಬಳಸುವ ತಂತ್ರಾಂಶದಲ್ಲಿ ನಾಲ್ಕು ಪಟ್ಟು ಸ್ಯಾಂಪ್ಲಿಂಗ್ ಎಂಬ ಆಯ್ಕೆ ಇದ್ದೇ ಇರುತ್ತದೆ. ಅದನ್ನು ಹಚ್ಚಿದರೆ ಮೊದಲ ದೋಷ ಬಹುಪಾಲು ಹೋಗುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಬಣ್ಣ ಬೆರೆಸುವಾಗ 255ರ ಅರ್ಧ ಸುಮಾರು 128, ಹಾಗಾಗಿ ಅದು ಅರ್ಧ ಬೆಳಕು ಅಂದುಕೊಳ್ಳುತ್ತೇವೆ. ಅಲ್ಲ. ಪರದೆಯ ಮೇಲೆ 128 ಎಂದರೆ ಪೂರ್ತಿ ಬೆಳಕಿನ ಸುಮಾರು 22%. ಅರ್ಧ ಬೆಳಕು ಬೇಕಾದರೆ 188 ಬರೆಯಬೇಕು. ನಮ್ಮ ಕಣ್ಣು ಕತ್ತಲಿನ ಕಡೆಯ ವ್ಯತ್ಯಾಸಗಳನ್ನು ಹೆಚ್ಚು ಗುರುತಿಸುವುದರಿಂದ ಸಂಖ್ಯೆಗಳನ್ನು ಹಾಗೆ ಹಂಚಿದ್ದಾರೆ. ಹಾಗಾಗಿ ಲೆಕ್ಕವನ್ನೆಲ್ಲ ನಿಜವಾದ ಬೆಳಕಿನ ಪ್ರಮಾಣದಲ್ಲಿ ಮಾಡಿ, ಕೊನೆಯಲ್ಲಿ ಮಾತ್ರ ಪರದೆಯ ಸಂಖ್ಯೆಗೆ ಬದಲಿಸಬೇಕು. ಇದನ್ನು ಮರೆತ ದೃಶ್ಯದಲ್ಲಿ ನೆರಳೆಲ್ಲ ಮಸಿ ಬಳಿದ ಹಾಗೆ ಇರುತ್ತದೆ. ನಾನು ಈ ತಪ್ಪನ್ನು ಎರಡು ವರ್ಷ ಮಾಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ದೋಣಿಯ ಒಡಲಿಗೆ ಬರೋಣ. ತ್ರೀಡಿ ವಸ್ತುವನ್ನು ಮೆಶ್ ಅನ್ನುತ್ತಾರೆ. ನಿಮಗೆ ಅದು ಹೊಸ ಪದ ಆಗಬೇಕಿಲ್ಲ. ರಂಪಣಿ ಬಲೆಯನ್ನು ಮರಳಿನ ಮೇಲೆ ಹರಡಿದ್ದು ನೋಡಿದ್ದೀರಲ್ವಾ? ಗಂಟುಗಳು, ಗಂಟಿಂದ ಗಂಟಿಗೆ ದಾರ, ನಡುವೆ ಕಣ್ಣುಗಳು. ಮೆಶ್ ಕೂಡ ಅದೇ. ಗಂಟಿಗೆ ವರ್ಟೆಕ್ಸ್ ಎಂಬ ಹೆಸರು, ಪ್ರತಿ ಗಂಟಿಗೂ ಮೂರು ಸಂಖ್ಯೆಯ ಒಂದು ವಿಳಾಸ. ವ್ಯತ್ಯಾಸ ಒಂದೇ: ಇಲ್ಲಿ ಬಲೆಯ ಕಣ್ಣು ತ್ರಿಕೋನ. ಯಾಕೆ ತ್ರಿಕೋನವೇ ಬೇಕು? ಮೂರು ಕಲ್ಲಿನ ಒಲೆಯ ಮೇಲೆ ಪಾತ್ರೆ ಅಲುಗಾಡುವುದಿಲ್ಲ. ಕಲ್ಲುಗಳು ಎತ್ತರ ತಗ್ಗು ಇದ್ದರೂ ಮೂರರ ಮೇಲೆ ಅದು ಕೂತುಬಿಡುತ್ತದೆ. ನಾಲ್ಕನೆಯ ಕಲ್ಲು ಇಟ್ಟರೆ ಆಡುತ್ತದೆ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿ ಇರುತ್ತವೆ. ನಾಲ್ಕು ಇರಲೇಬೇಕೆಂದಿಲ್ಲ. ಯಂತ್ರಕ್ಕೆ ಈ ಖಾತ್ರಿ ಬೇಕು.

ಒಂದು ಚುಕ್ಕೆ ತ್ರಿಕೋನದ ಒಳಗಿದೆಯೋ ಹೊರಗಿದೆಯೋ ಎಂದು ತಿಳಿಯುವುದೂ ಸುಲಭ. ಮೂರು ಮೂಲೆಯ ತೋಟದ ಬೇಲಿಗುಂಟ ಅಪ್ರದಕ್ಷಿಣವಾಗಿ ಸುತ್ತು ಹಾಕಿ. ನಡುವಿನ ಮರ ಮೂರೂ ಬದಿಯಲ್ಲಿ ನಡೆಯುವಾಗ ನಿಮ್ಮ ಎಡಕ್ಕೇ ಇದ್ದರೆ ಅದು ಬೇಲಿಯ ಒಳಗಿದೆ. ಒಮ್ಮೆಯಾದರೂ ಬಲಕ್ಕೆ ಬಂದರೆ ಹೊರಗಿದೆ. ಎಡವೋ ಬಲವೋ ಅನ್ನುವುದು ಎರಡು ಗುಣಾಕಾರ, ಕೆಲವು ವ್ಯವಕಲನ. ಗ್ರಾಫಿಕ್ಸ್ ಚಿಪ್ ದಿನವಿಡೀ ಮಾಡುವ ಕೆಲಸದಲ್ಲಿ ಇದೊಂದು ದೊಡ್ಡ ಪಾಲು.

ದೋಣಿಯ ಮೂತಿಯ ಬಾಗು ನಿಮ್ಮ ಮಾದರಿಯಲ್ಲಿ ಒರಟಾಗಿದ್ದರೆ ತ್ರಿಕೋನಗಳನ್ನು ಕೈಯಿಂದ ಒಂದೊಂದಾಗಿ ಜೋಡಿಸಬೇಡಿ, ಬಾಗುಗೆರೆ ಬಳಸಿ. ಇದರ ಕಥೆ ದೋಣಿ ಮಾಡುವವರಿಗೆ ಹತ್ತಿರದ್ದು. ಹಿಂದೆ ಹಡಗಿನ ನಕ್ಷೆ ಬರೆಯುವವರು ತೆಳ್ಳಗಿನ ಮರದ ಪಟ್ಟಿಯನ್ನು ಬಗ್ಗಿಸಿ, ಅಲ್ಲಲ್ಲಿ ಭಾರ ಇಟ್ಟು, ಅದು ತಾನಾಗಿ ಕೂತ ಬಾಗಿನ ಮೇಲೆ ಗೆರೆ ಎಳೆಯುತ್ತಿದ್ದರು. ಆ ಪಟ್ಟಿಗೆ ಸ್ಪ್ಲೈನ್ ಎಂದು ಹೆಸರು. ಇವತ್ತು ತಂತ್ರಾಂಶಗಳಲ್ಲಿ ಕಾಣುವ ಸ್ಪ್ಲೈನ್ ಎಂಬ ಪದ ಅಲ್ಲಿಂದ ಬಂದದ್ದು. ಆಮೇಲೆ ಫ್ರಾನ್ಸಿನ ಎರಡು ಕಾರ್ ಕಂಪನಿಗಳಲ್ಲಿ, ಸಿಟ್ರೊಯೆನ್‌ನಲ್ಲಿ ಪಾಲ್ ದ ಕ್ಯಾಸ್ಟಲ್‌ಜೋ, ರೆನೋದಲ್ಲಿ ಪಿಯರ್ ಬೆಜಿಯೆ, ಕಾರಿನ ಮೈಯ ಬಾಗನ್ನು ಕೆಲವೇ ಬಿಂದುಗಳಲ್ಲಿ ಹಿಡಿದಿಡುವ ಗಣಿತ ಕೊಟ್ಟರು. ಮೂರು ಬಿಂದು ಇಡಿ. ಮೊದಲನೆಯದು ಮತ್ತು ಎರಡನೆಯದರ ನಡುವೆ ಮಧ್ಯಬಿಂದು, ಎರಡು ಮತ್ತು ಮೂರರ ನಡುವೆ ಇನ್ನೊಂದು. ಆ ಎರಡು ಮಧ್ಯಬಿಂದುಗಳ ನಡುವಿನ ಮಧ್ಯಬಿಂದು ಬಾಗುಗೆರೆಯ ಮೇಲೇ ಇರುತ್ತದೆ. ಅರ್ಧದ ಬದಲು ಕಾಲು, ಮುಕ್ಕಾಲು, ಹೀಗೆ ಎಲ್ಲ ಪಾಲಿಗೂ ಮಾಡಿದರೆ ಪೂರ್ತಿ ಗೆರೆ ಸಿಗುತ್ತದೆ. ನೀವು ಈಗ ಓದುತ್ತಿರುವ ಕನ್ನಡ ಅಕ್ಷರಗಳ ಅಂಚುಗಳೂ ಇಂಥ ಬಾಗುಗೆರೆಗಳೇ. ಅದಕ್ಕೇ ಫಾಂಟನ್ನು ಎಷ್ಟು ಹಿಗ್ಗಿಸಿದರೂ ಅಕ್ಷರ ಒಡೆಯುವುದಿಲ್ಲ. ಅದೇ ಅಕ್ಷರದ ಫೋಟೋ ಹಿಗ್ಗಿಸಿದರೆ ಒಡೆಯುತ್ತದೆ. ದೋಣಿಯ ಮೂತಿಯ ಮೇಲೆ ಹೆಸರು ಬರೆಯುವುದಿದ್ದರೆ ಇದನ್ನು ನೆನಪಿಡಿ.

ಅಭ್ಯಾಸಕ್ಕೆ ದೋಣಿಗಿಂತ ಮೊದಲು ಮನೆಯ ಒಂದು ತಂಬಿಗೆ ಮಾಡಿ. ಈ ವಿದ್ಯೆಯಲ್ಲಿ ಎಲ್ಲರಿಗೂ ಗೊತ್ತಿರುವ ವಸ್ತು ಒಂದು ಚಹಾ ಕೆಟಲ್. ಯೂಟಾ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂವೆಲ್ 1975ರಲ್ಲಿ ತಮ್ಮ ಮನೆಯ ಕೆಟಲ್ಲಿನ ಆಕಾರವನ್ನು ಸಂಖ್ಯೆಗಳಾಗಿ ಬರೆದರು. ಅವತ್ತಿಂದ ಲೋಕವೆಲ್ಲ ಅದರ ಮೇಲೆಯೇ ಪ್ರಯೋಗ ಮಾಡುತ್ತಿದೆ. ನಮಗೆ ತಂಬಿಗೆ ಇನ್ನೂ ಸುಲಭ, ಅದಕ್ಕೆ ಮೂತಿ ಹಿಡಿಕೆ ಇಲ್ಲ. ಒಂದು ಬದಿಯ ಗೆರೆಯನ್ನು 20 ಬಿಂದುಗಳಲ್ಲಿ ಬರೆಯಿರಿ. ಕುಂಬಾರನ ತಿಗರಿಯ ಹಾಗೆ 10 ಡಿಗ್ರಿಗೊಮ್ಮೆ ತಿರುಗಿಸಿ. 36 ತಿರುವಿಗೆ 1,368 ತ್ರಿಕೋನದಲ್ಲಿ ತಂಬಿಗೆ ಸಿದ್ಧ.

ತಿರುಗಿಸುವುದು ಅಂದೆ. ವಸ್ತುವನ್ನು ಸರಿಸುವುದು, ತಿರುಗಿಸುವುದು, ಹಿಗ್ಗಿಸುವುದು ಎಲ್ಲವೂ ಮ್ಯಾಟ್ರಿಕ್ಸಿನ, ಅಂದರೆ ಅಡ್ಡ ಉದ್ದ ಸಾಲುಗಳಲ್ಲಿ ಜೋಡಿಸಿಟ್ಟ ಸಂಖ್ಯೆಗಳ ಗುಣಾಕಾರ. ಇಲ್ಲಿ ಕ್ರಮ ಮುಖ್ಯ. ದೋಣಿಯನ್ನು ಮೊದಲು ತಿರುಗಿಸಿ ಆಮೇಲೆ ಸರಿಸಿದರೆ ಅದು ಲಂಗರು ಹಾಕಿದ ಜಾಗದಲ್ಲಿ ಮೂತಿ ತಿರುಗಿಸಿ ನಿಲ್ಲುತ್ತದೆ. ಮೊದಲು ಸರಿಸಿ ಆಮೇಲೆ ತಿರುಗಿಸಿದರೆ ಇಡೀ ಕೊಲ್ಲಿಯನ್ನು ಸುತ್ತಿ ಬೇರೆಲ್ಲೋ ಹೋಗಿ ನಿಲ್ಲುತ್ತದೆ. ನನ್ನ ಹತ್ತಿರ ಬರುವ ಹೊಸಬರ ಪ್ರಶ್ನೆಗಳಲ್ಲಿ 'ವಸ್ತು ಎಲ್ಲೋ ಮಾಯವಾಯಿತು' ಅನ್ನುವುದು ಬಹಳ, ಕಾರಣ ಹೆಚ್ಚಾಗಿ ಇದೇ. ಇನ್ನು ಕ್ಯಾಮೆರಾ ಅಂತ ಪ್ರತ್ಯೇಕ ವಸ್ತು ಯಂತ್ರದೊಳಗೆ ಇಲ್ಲ. ಕ್ಯಾಮೆರಾ ಎಡಕ್ಕೆ ಹೋಗಬೇಕಾದರೆ ಲೋಕವನ್ನೆಲ್ಲ ಬಲಕ್ಕೆ ಸರಿಸುತ್ತೇವೆ, ಅಷ್ಟೇ.

ದೂರದ್ದು ಸಣ್ಣದಾಗಿ ಕಾಣುವುದಕ್ಕೆ ಬೇಕಾದ್ದು ಒಂದು ಭಾಗಾಕಾರ. ಅಡಿಕೆ ತೋಟದ ಸಾಲಿನ ತುದಿಯಲ್ಲಿ ನಿಂತು ನೋಡಿ. 30 ಮೀಟರ್ ದೂರದ ಮರಕ್ಕಿಂತ 60 ಮೀಟರ್ ದೂರದ ಮರ ಅರ್ಧ ಎತ್ತರ ಕಾಣುತ್ತದೆ. ಎತ್ತರವನ್ನು ದೂರದಿಂದ ಭಾಗಿಸಿದರೆ ಆಯಿತು. ಸಾಲುಗಳು ದೂರದಲ್ಲಿ ಕೂಡಿದ ಹಾಗೆ ಕಾಣುವುದೂ ಇದರಿಂದಲೇ.

ಈಗ ದ್ವೀಪದ ಬುಡ. ಎರಡು ವಸ್ತು ಒಂದೇ ಚುಕ್ಕೆಗೆ ಬಿದ್ದರೆ ಯಾವುದನ್ನು ತೋರಿಸಬೇಕು? ಚಿತ್ರ ಬರೆಯುವವರ ಕ್ರಮ ಅಂದರೆ ಹಿಂದಿನದ್ದು ಮೊದಲು, ಮುಂದಿನದ್ದು ಆಮೇಲೆ. ಅದು ಎಲ್ಲ ಕಡೆ ನಡೆಯುವುದಿಲ್ಲ. ಹೆಣೆದ ತೆಂಗಿನ ಮಡಲು ನೋಡಿ. ಪ್ರತಿ ಗರಿಯೂ ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ. ಯಾವ ಗರಿಯನ್ನು ಮೊದಲು ಬರೆಯುತ್ತೀರಿ? ಉತ್ತರವೇ ಇಲ್ಲ. ಎಡ್ವಿನ್ ಕ್ಯಾಟ್‌ಮಲ್ 1974ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದಕ್ಕೆ ಸರಳ ದಾರಿ ಬರೆದರು. ಮುಂದೆ ಪಿಕ್ಸಾರ್ ಎಂಬ ಅನಿಮೇಷನ್ ಸಿನಿಮಾ ಕಂಪನಿ ಕಟ್ಟಿದವರಲ್ಲಿ ಅವರೂ ಒಬ್ಬರು. ಪ್ರತಿ ಚುಕ್ಕೆಗೂ ಬಣ್ಣದ ಜೊತೆ ದೂರವನ್ನೂ ಬರೆದಿಡಿ. ಹೊಸದಾಗಿ ಬಂದದ್ದು ಈಗಿರುವುದಕ್ಕಿಂತ ಹತ್ತಿರ ಇದ್ದರೆ ಮಾತ್ರ ಅಳಿಸಿ ಬರೆಯಿರಿ. ಇದು ಡೆಪ್ತ್ ಬಫರ್. ಅವತ್ತು ಇಷ್ಟೊಂದು ಮೆಮೊರಿ ಅಂದರೆ ದುಬಾರಿ. ಇವತ್ತು ಪ್ರತಿ ಮೊಬೈಲಿನಲ್ಲೂ ಇದೆ.

ತೊಂದರೆ ಎಂದರೆ ಆ ದೂರವನ್ನು ಸಾಮಾನ್ಯವಾಗಿ 24 ಬಿಟ್‌ನಲ್ಲಿ ಬರೆಯುತ್ತಾರೆ. ಅಂದರೆ ಮತ್ತೆ ಅದೇ 1,67,77,216 ಹಂತಗಳು. ಅವು ಸಮವಾಗಿ ಹಂಚಿರುವುದಿಲ್ಲ. ದೂರದಿಂದ ಭಾಗಿಸುವ ಲೆಕ್ಕದಿಂದಾಗಿ ಹೆಚ್ಚಿನ ಹಂತಗಳೆಲ್ಲ ಕ್ಯಾಮೆರಾದ ಮೂಗಿನ ಹತ್ತಿರವೇ ಖರ್ಚಾಗುತ್ತವೆ. ಎಷ್ಟು ಹತ್ತಿರದಿಂದ ಶುರು ಅನ್ನುವುದನ್ನು ಹೇಳುವುದು ನಿಯರ್ ಪ್ಲೇನ್ ಎಂಬ ಸಂಖ್ಯೆ. ನಿಮ್ಮ ಕೋಡಿನಲ್ಲಿ ಅದು 0.01 ಇರಬಹುದು ಎಂದು ನನ್ನ ಊಹೆ, ಏಕೆಂದರೆ ಕೆಲವು ಪಾಠಗಳಲ್ಲಿ ಹಾಗೇ ಇರುತ್ತದೆ. ಲೆಕ್ಕ ಹಾಕಿ ನೋಡೋಣ. ಒಂದು ದೂರದಲ್ಲಿ ಯಂತ್ರ ಗುರುತಿಸಬಲ್ಲ ಅತಿ ಸಣ್ಣ ಅಂತರ ಸುಮಾರಾಗಿ ಹೀಗೆ: ದೂರದ ವರ್ಗವನ್ನು, ನಿಯರ್ ಮತ್ತು 1.68 ಕೋಟಿಯ ಗುಣಲಬ್ಧದಿಂದ ಭಾಗಿಸಿ. ದ್ವೀಪ 3,000 ಮೀಟರ್ ದೂರ ಇಟ್ಟಿದ್ದೀರಿ ಅಂದುಕೊಳ್ಳಿ. ನಿಯರ್ 0.01 ಮೀಟರ್ ಆದರೆ ಉತ್ತರ ಸುಮಾರು 54 ಮೀಟರ್. ಬಂಡೆ ನೀರಿಗಿಂತ 54 ಮೀಟರ್ ಮುಂದಿದ್ದರೂ ಯಂತ್ರಕ್ಕೆ ಎರಡೂ ಒಂದೇ! ಅದಕ್ಕೇ ಒಮ್ಮೆ ಬಂಡೆ, ಒಮ್ಮೆ ನೀರು ಗೆದ್ದು ಮಿಣುಕುತ್ತದೆ. ನಿಯರ್ ಅನ್ನು 1 ಮೀಟರ್ ಮಾಡಿ. ಅಂತರ 54 ಸೆಂಟಿಮೀಟರಿಗೆ ಇಳಿಯುತ್ತದೆ. ಒಂದೇ ಸಂಖ್ಯೆ ಬದಲಿಸಿ ನೂರು ಪಟ್ಟು ಲಾಭ. ಜೊತೆಗೆ ಇನ್ನೊಂದು ಪರೀಕ್ಷೆ: ದ್ವೀಪದ ತಳವನ್ನೂ ನೀರನ್ನೂ ಒಂದೇ ಎತ್ತರದಲ್ಲಿ, ಸೊನ್ನೆಯಲ್ಲಿ ಇಟ್ಟಿದ್ದೀರಾ? ಹಾಗಿದ್ದರೆ ತಳವನ್ನು ನೀರಿನ ಕೆಳಗೆ ಮೂರು ನಾಲ್ಕು ಮೀಟರ್ ಇಳಿಸಿ. ನಿಜವಾದ ದ್ವೀಪ ನೀರಿನ ಮೇಲೆ ತೇಲುವುದಿಲ್ಲವಲ್ಲ.

ಮರಳಿನ ಮೇಲೂ ದೂರದಲ್ಲಿ ಮಿಣುಕು ಕಂಡರೆ ಅದು ಬೇರೆ ರೋಗ. ಮರಳಿನ ಫೋಟೋದ ಹತ್ತಾರು ಚುಕ್ಕೆಗಳು ಪರದೆಯ ಒಂದೇ ಚುಕ್ಕೆಯೊಳಗೆ ಬೀಳುತ್ತಿವೆ ಎಂದರ್ಥ. ಮಿಪ್‌ಮ್ಯಾಪ್ ಎಂಬ ಆಯ್ಕೆ ಹಚ್ಚಿ. ಅದು ಅದೇ ಚಿತ್ರದ ಅರ್ಧ, ಕಾಲು, ಎಂಟನೇ ಒಂದು ಪಾಲು ಅಳತೆಯ ಪ್ರತಿಗಳನ್ನು ಮೊದಲೇ ಮಾಡಿಟ್ಟುಕೊಂಡು ದೂರಕ್ಕೆ ಸಣ್ಣದನ್ನು ಬಳಸುತ್ತದೆ. ಜಾಗ ಮೂರನೇ ಒಂದು ಪಾಲು ಮಾತ್ರ ಹೆಚ್ಚು ಬೇಕು.

ಇನ್ನು ನೀರು. ನಿಮ್ಮ ಪತ್ರ ಓದಿದಾಗಿಂದ ನಾನು ಬರೆಯಬೇಕೆಂದಿದ್ದು ಇದನ್ನೇ.

ಮೊದಲು ಬೆಳಕಿನ ಒಂದು ನಿಯಮ. ಚಾಲಿ ಅಡಿಕೆ ಒಣಗಿಸುವ ಅಂಗಳದಲ್ಲಿ ಮಧ್ಯಾಹ್ನದ ಬಿಸಿಲಿಗೂ ಸಂಜೆಯ ಬಿಸಿಲಿಗೂ ಇರುವ ವ್ಯತ್ಯಾಸ ಎಲ್ಲರಿಗೂ ಗೊತ್ತು. ಓರೆಯಾಗಿ ಬಿದ್ದ ಬಿಸಿಲು ಹೆಚ್ಚು ನೆಲಕ್ಕೆ ಹರಡಿಕೊಳ್ಳುತ್ತದೆ, ಒಂದೊಂದು ಅಡಿಕೆಗೆ ಸಿಗುವ ಪಾಲು ಕಡಿಮೆ. ಲ್ಯಾಂಬರ್ಟ್ 1760ರಲ್ಲೇ ಇದನ್ನು ಲೆಕ್ಕವಾಗಿ ಬರೆದಿದ್ದಾರೆ: ಮೇಲ್ಮೈಗೆ ನೆಟ್ಟಗೆ ಚುಚ್ಚಿ ನಿಲ್ಲಿಸಿದ ಸೂಜಿಗೂ ಬೆಳಕಿನ ದಿಕ್ಕಿಗೂ ಇರುವ ಕೋನದ ಕೊಸೈನ್. 60 ಡಿಗ್ರಿ ಓರೆಯಾದರೆ ಅರ್ಧ ಬೆಳಕು. ಆ ಸೂಜಿಗೆ ನಾರ್ಮಲ್ ಅನ್ನುತ್ತಾರೆ. 1971ರಲ್ಲಿ ಆನ್ರಿ ಗೂರೋ ಬೆಳಕನ್ನು ತ್ರಿಕೋನದ ಮೂರು ಗಂಟುಗಳಲ್ಲಿ ಲೆಕ್ಕ ಹಾಕಿ ನಡುವೆ ಹರಡಿದರು. ಎರಡು ವರ್ಷದ ಬಳಿಕ ಬುಯ್ ತುವಾಂಗ್ ಫಾಂಗ್ ಬೆಳಕಿನ ಬದಲು ಸೂಜಿಗಳನ್ನೇ ಹರಡಿ, ಪ್ರತಿ ಚುಕ್ಕೆಯಲ್ಲೂ ಹೊಸದಾಗಿ ಲೆಕ್ಕ ಹಾಕಿದರು. ಹೊಳಪಿನ ಬಿಳಿ ಚುಕ್ಕೆ ಕೂಡಿಸುವ ಸೂತ್ರವನ್ನೂ ಕೊಟ್ಟರು. ವಿಯೆಟ್ನಾಮಿನ ಆ ತರುಣ 1975ರಲ್ಲೇ ತೀರಿಕೊಂಡರು. ಅವರ ಸೂತ್ರ ಮಾತ್ರ ನಿಮ್ಮ ಕೋಡಿನಲ್ಲೂ ಇದೆ.

ಆ ಸೂತ್ರದ ಪ್ರಕಾರ ಒಂದು ನೀಲಿ ಬಣ್ಣ, ಅದರ ಮೇಲೊಂದು ಬಿಳಿ ಹೊಳಪು. ಪ್ಲಾಸ್ಟಿಕ್ ನಿಜವಾಗಿ ಇರುವುದೇ ಹೀಗೆ. ನೀವು ನೀರಿಗೆ ಪ್ಲಾಸ್ಟಿಕ್ಕಿನ ಸೂತ್ರ ಕೊಟ್ಟಿದ್ದೀರಿ, ಯಂತ್ರ ಪ್ರಾಮಾಣಿಕವಾಗಿ ಪ್ಲಾಸ್ಟಿಕ್ ತೋರಿಸಿದೆ.

ಒಂದು ಸಂಜೆ ಬೈತಖೋಲ ಬಂದರಿನ ಧಕ್ಕೆಗೆ ಹೋಗಿ. ಕಾಲಬುಡದ ನೀರನ್ನು ನೇರ ಕೆಳಗೆ ನೋಡಿ. ನೀರಿನ ಒಳಗಿನ ಬಣ್ಣ ಕಾಣುತ್ತದೆ, ಹಸಿರೋ ಕೆಸರೋ. ಈಗ ತಲೆ ಎತ್ತಿ ದೂರದ ನೀರು ನೋಡಿ. ಅಲ್ಲಿ ನೀರಿನ ಬಣ್ಣವೇ ಇಲ್ಲ, ಆಕಾಶದ ಬಣ್ಣ ಇದೆ. ನೇರ ಕೆಳಗೆ ನೋಡಿದಾಗ ನೀರು ಬೆಳಕಿನ 2% ಮಾತ್ರ ಕನ್ನಡಿಯ ಹಾಗೆ ತಿರುಗಿಸುತ್ತದೆ. ನೋಟ 60 ಡಿಗ್ರಿ ಓರೆಯಾದರೂ ಅದು 6% ಅಷ್ಟೇ. 80 ಡಿಗ್ರಿಗೆ ಒಮ್ಮೆಲೇ 35%ರ ಹತ್ತಿರ ಹೋಗುತ್ತದೆ. ಆಮೇಲೆ ಪೂರ್ತಿ ಕನ್ನಡಿ. ಇದು ಫ್ರೆನೆಲ್ ನಿಯಮ. ಗ್ರಾಫಿಕ್ಸಿನವರು ಶ್ಲಿಕ್ 1994ರಲ್ಲಿ ಕೊಟ್ಟ ಸುಲಭ ಸೂತ್ರ ಬಳಸುತ್ತಾರೆ: 1ರಿಂದ ಕೋನದ ಕೊಸೈನ್ ಕಳೆಯಿರಿ, ಬಂದದ್ದರ ಐದನೇ ಘಾತ ತೆಗೆಯಿರಿ, 0.98ರಿಂದ ಗುಣಿಸಿ, 0.02 ಕೂಡಿಸಿ. ಬಂದ ಪಾಲಿನಷ್ಟು ಆಕಾಶದ ಬಣ್ಣ, ಉಳಿದಷ್ಟು ನೀರಿನ ಒಳಬಣ್ಣ. ಕೋಡಿನಲ್ಲಿ ಎರಡೇ ಸಾಲು. ನಿಮ್ಮ ಪ್ಲಾಸ್ಟಿಕ್ ಅಲ್ಲಿಗೇ ಅರ್ಧ ನೀರಾಗುತ್ತದೆ. ಆಷಾಢದಲ್ಲಿ ನಮ್ಮ ಕಡಲು ಬೂದಿ ಬಣ್ಣಕ್ಕೆ ತಿರುಗುವುದಕ್ಕೂ ಇದು ದೊಡ್ಡ ಕಾರಣ, ಮೇಲಿನ ಆಕಾಶ ಬೂದಿಯಾಗಿರುತ್ತದೆ. ಹಾಗಾಗಿ ನೀಲಿ ಬಣ್ಣದ ಸಂಖ್ಯೆ ಹುಡುಕುತ್ತ ಕೂರಬೇಡಿ. ಮೊದಲು ಒಳ್ಳೆಯ ಆಕಾಶ ಮಾಡಿ.

ಉಳಿದರ್ಧ ಅಲೆಯಲ್ಲಿದೆ. ನೀವು ಬಹುಶಃ ಒಂದು ಸೈನ್ ಅಲೆ ಹಾಕಿದ್ದೀರಿ. ಅದು ತಗಡಿನ ಮಾಡಿನ ಹಾಗೆ ಕಾಣುತ್ತದೆ. ನಿಜವಾದ ಅಲೆಯ ತುದಿ ಚೂಪು, ತಗ್ಗು ಚಪ್ಪಟೆ. 1802ರಲ್ಲಿ ಗೆರ್ಸ್ಟ್‌ನರ್ ಇದಕ್ಕೆ ಕಾರಣ ಬರೆದರು. ಆಳ ನೀರಿನಲ್ಲಿ ನೀರಿನ ಕಣ ಮುಂದೆ ಹೋಗುವುದಿಲ್ಲ, ನಿಂತಲ್ಲೇ ವೃತ್ತ ಸುತ್ತುತ್ತದೆ. ತೇಲುವ ತೆಂಗಿನಕಾಯಿ ನೋಡಿ: ಅಲೆ ದಾಟಿ ಹೋಗುತ್ತದೆ, ಕಾಯಿ ಮೇಲೆ ಮುಂದೆ, ಕೆಳಗೆ ಹಿಂದೆ ಆಗಿ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಹಾಗಾಗಿ ಬಲೆಯ ಗಂಟನ್ನು ಬರೀ ಮೇಲೆ ಕೆಳಗೆ ಮಾಡಬೇಡಿ. ಮೇಲೆ ಕೆಳಗೆ ಸೈನ್, ಹಿಂದೆ ಮುಂದೆ ಕೊಸೈನ್ ಕೊಡಿ. ಗಂಟುಗಳು ತುದಿಯಲ್ಲಿ ಒತ್ತೊತ್ತಾಗಿ ಸೇರಿ ಚೂಪಾಗುತ್ತವೆ. ಅತಿಯಾದರೆ ತುದಿ ತನ್ನೊಳಗೇ ಮಡಚಿಕೊಳ್ಳುತ್ತದೆ, ಸ್ವಲ್ಪ ತಗ್ಗಿಸಿ.

ಇಂಥ ಐದಾರು ಅಲೆ ಕೂಡಿಸಿ, ದಿಕ್ಕು ಸ್ವಲ್ಪ ಸ್ವಲ್ಪ ಬೇರೆ ಇರಲಿ. ವೇಗವನ್ನು ಮಾತ್ರ ಮನಸ್ಸಿಗೆ ಬಂದ ಹಾಗೆ ಕೊಡಬೇಡಿ. ಎಲ್ಲ ಅಲೆಗೂ ಒಂದೇ ವೇಗ ಕೊಟ್ಟರೆ ಇಡೀ ಕಡಲು ಎಳೆದ ಹಾಸಿಗೆಯ ಹಾಗೆ ಒಟ್ಟಿಗೆ ಸರಿಯುತ್ತದೆ. ಆಳ ನೀರಿನಲ್ಲಿ ಉದ್ದ ಅಲೆ ಬೇಗ, ಗಿಡ್ಡ ಅಲೆ ನಿಧಾನ. ಲೆಕ್ಕ ಸುಲಭ. ಒಂದು ತುದಿಯಿಂದ ಇನ್ನೊಂದು ತುದಿ ಬರುವ ಸೆಕೆಂಡುಗಳನ್ನು ಎಣಿಸಿ. ಅದರ ವರ್ಗಕ್ಕೆ 1.56 ಗುಣಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 5 ಸೆಕೆಂಡಿನ ಅಲೆ 39 ಮೀಟರ್ ಉದ್ದ, ಸೆಕೆಂಡಿಗೆ 7.8 ಮೀಟರ್ ವೇಗ. 10 ಸೆಕೆಂಡಿನದ್ದು 156 ಮೀಟರ್, ವೇಗ 15.6. ದಂಡೆಯ ಹತ್ತಿರ ನಿಯಮ ಬದಲಾಗುತ್ತದೆ. ಅಲ್ಲಿ ವೇಗ ಆಳದ ಮೇಲೆ ನಿಂತಿದೆ, ಒಂದು ಮೀಟರ್ ಆಳದಲ್ಲಿ ಸೆಕೆಂಡಿಗೆ ಸುಮಾರು 3 ಮೀಟರ್ ಮಾತ್ರ. ಓರೆಯಾಗಿ ಬಂದ ಅಲೆಯ ದಂಡೆ ಕಡೆಯ ತುದಿ ಮೊದಲು ನಿಧಾನವಾಗುತ್ತದೆ, ಕಡಲ ಕಡೆಯ ತುದಿ ಸುತ್ತಿ ಬರುತ್ತದೆ. ಟಾಗೋರ್ ಕಡಲತೀರದಲ್ಲಿ ನಿಂತಾಗ ಅಲೆಗಳೆಲ್ಲ ದಂಡೆಗೆ ಸಮಾನಾಂತರವಾಗಿ ಬಂದು ಬೀಳುವುದು ಇದರಿಂದ. ನಿಮ್ಮ ದೃಶ್ಯದಲ್ಲೂ ದಂಡೆ ಹತ್ತಿರ ಬಂದಂತೆ ದಿಕ್ಕನ್ನು ದಂಡೆಯ ಕಡೆ ಬಾಗಿಸಿ. ನೋಡುವವರಿಗೆ ಕಾರಣ ಹೊಳೆಯದಿದ್ದರೂ ಇದು ನಮ್ಮೂರಿನ ಕಡಲು ಅನ್ನಿಸುತ್ತದೆ.

ಗಾಳಿಗೆ ಏಳುವ ಸಣ್ಣ ಸುಕ್ಕುಗಳಿಗೆ ಗಂಟು ಸೇರಿಸಬೇಡಿ, ಸೂಜಿಗಳನ್ನು ಮಾತ್ರ ಅಲ್ಲಲ್ಲಿ ವಾಲಿಸಿ. ಜಿಮ್ ಬ್ಲಿನ್ 1978ರಲ್ಲಿ ತೋರಿಸಿದ ಉಪಾಯ ಇದು. ಮೇಲ್ಮೈ ಚಪ್ಪಟೆಯಾಗಿಯೇ ಇರುತ್ತದೆ, ಬೆಳಕು ಮಾತ್ರ ಸುಕ್ಕು ಇದೆ ಅಂದುಕೊಂಡು ಚದುರುತ್ತದೆ. ವಾಲಿಸುವ ಪ್ರಮಾಣಕ್ಕೆ ಕೆನ್ ಪರ್ಲಿನ್ ಅವರ ನಾಯ್ಸ್ ಬಳಸಿ. ಅದು ಗೊತ್ತುಗುರಿ ಇಲ್ಲದ ಹಾಗೆ ಕಂಡರೂ ಪಕ್ಕಪಕ್ಕದ ಬೆಲೆಗಳು ನಯವಾಗಿ ಜೋಡಿಕೊಂಡಿರುತ್ತವೆ. ರೇ ಟ್ರೇಸಿಂಗ್ ಬೇಕಾ ಅಂತ ನಿಮಗೆ ಅನ್ನಿಸಬಹುದು, ಅಂದರೆ ಪ್ರತಿ ಚುಕ್ಕೆಯಿಂದ ಬೆಳಕಿನ ಕಿರಣವನ್ನು ಹಿಮ್ಮುಖವಾಗಿ ಹಿಂಬಾಲಿಸುವುದು. ಟರ್ನರ್ ವಿಟ್ಟೆಡ್ 1980ರಲ್ಲಿ ಪ್ರಕಟಿಸಿದ ಚಿತ್ರಕ್ಕೆ ಆಗಿನ ಯಂತ್ರ ಒಂದು ಗಂಟೆಗೂ ಹೆಚ್ಚು ಹೊತ್ತು ತೆಗೆದುಕೊಂಡಿತ್ತು. ಸುಂದರ ವಿದ್ಯೆ. ಆದರೆ ಈ ಪ್ರಾಜೆಕ್ಟಿಗೆ ಅದು ಬೇಡ.

ಗಣಿತದ ಬಗ್ಗೆ ಕೇಳಿದ್ದೀರಿ. ಪಿಯುಸಿಯ ತ್ರಿಕೋನಮಿತಿ, ವೆಕ್ಟರಿನ ಎರಡು ಬಗೆಯ ಗುಣಾಕಾರ, ಮ್ಯಾಟ್ರಿಕ್ಸ್ ಗುಣಾಕಾರ. ಅಲೆಯ ಇಳಿಜಾರಿಗೆ ಸೈನ್‌ನ ಡೆರಿವೇಟಿವ್ ಕೊಸೈನ್ ಅನ್ನುವಷ್ಟು ಕಲನ. ಇಷ್ಟು ಸಾಕು, ಆದರೆ ಇಷ್ಟನ್ನು ಬಾಯಿಪಾಠ ಮಾಡದೆ ಕೈಯಲ್ಲಿ ಬರುವ ಹಾಗೆ ಮಾಡಿಕೊಳ್ಳಿ. ಸಿ ಅಥವಾ ಪೈಥಾನಿನಲ್ಲಿ ಪಿಪಿಎಂ ಎಂಬ ಚಿತ್ರದ ಫೈಲನ್ನು ನೀವೇ ಬರೆದು ನೋಡಿ. ಅದರಲ್ಲಿ ಮೊದಲು P3 ಎಂಬ ಗುರುತು, ಅಗಲ, ಎತ್ತರ, ಬಣ್ಣದ ಗರಿಷ್ಠ ಸಂಖ್ಯೆ 255, ಆಮೇಲೆ ಸಾಲಾಗಿ ಬಣ್ಣದ ಸಂಖ್ಯೆಗಳು, ಅಷ್ಟೇ. ಯಾವ ಲೈಬ್ರರಿಯೂ ಇಲ್ಲದೆ ಒಂದು ಗೆರೆ, ಒಂದು ತ್ರಿಕೋನ, ಆಮೇಲೆ ಒಂದನ್ನೊಂದು ತೂರಿ ಹೋಗುವ ಎರಡು ತ್ರಿಕೋನ ಬರೆಯಿರಿ. ಒಂದು ವಾರ ಹಿಡಿಯಬಹುದು. ಪ್ರಾಜೆಕ್ಟಿನ ಗಡುವು ಹತ್ತಿರವಿದ್ದರೂ ಆ ವಾರ ಕೊಡಿ ಎಂದೇ ಹೇಳುತ್ತೇನೆ. ಆಮೇಲೆ ನಿಮ್ಮ ಕೋಡಿನ ಪ್ರತಿ ಸಾಲೂ ಯಾಕಿದೆ ಅಂತ ನಿಮಗೇ ಹೊಳೆಯುತ್ತದೆ. ಪರೀಕ್ಷಕರು ಕೇಳಿದರೆ ಹೇಳಲೂ ಬರುತ್ತದೆ.

ಲ್ಯಾಪ್‌ಟಾಪ್ ಸಾಕು. ನೀರಿಗೆ 200ಕ್ಕೆ 200 ಗಂಟಿನ ಬಲೆ ಹಾಕಿದರೆ 40,000 ಗಂಟು, 80,000ಕ್ಕೆ ಸ್ವಲ್ಪ ಕಡಿಮೆ ತ್ರಿಕೋನ. ಪ್ರೊಸೆಸರಿನ ಜೊತೆಗೇ ಬರುವ ಗ್ರಾಫಿಕ್ಸ್ ಚಿಪ್ಪಿಗೆ ಅದು ದೊಡ್ಡ ಹೊರೆಯಲ್ಲ. ಅಲೆಯ ಲೆಕ್ಕವನ್ನು ಮಾತ್ರ ಶೇಡರಿನಲ್ಲಿ, ಅಂದರೆ ಆ ಚಿಪ್ಪಿನ ಒಳಗೇ ಓಡುವ ಸಣ್ಣ ಪ್ರೋಗ್ರಾಮಿನಲ್ಲಿ ಮಾಡಿ. ಈಗ ಅದನ್ನು ಮುಖ್ಯ ಪ್ರೋಗ್ರಾಮಿನಲ್ಲೇ ಮಾಡುತ್ತಿದ್ದರೆ ನಿಮ್ಮ ಫ್ಯಾನು ಕೂಗುತ್ತಿರಬೇಕು. ಇವತ್ತು ರಾತ್ರಿಯೇ ನಿಯರ್ ಪ್ಲೇನನ್ನು 1 ಮಾಡಿ ದ್ವೀಪದ ಬುಡ ನೋಡಿ. ಆಮೇಲೂ ಮಿಣುಕಿದರೆ ಆ ಎರಡು ವಸ್ತುಗಳ ಎತ್ತರದ ಸಂಖ್ಯೆ ಬರೆದು ಕಳಿಸಿ, ಒಟ್ಟಿಗೆ ನೋಡೋಣ.